ಕಾಸರಗೋಡಿನ ಬದಿಯಡ್ಕ-ಪೆರ್ಲ ಕಡೆ ಅಡಿಕೆಗೆ ಮದ್ದು ಬಿಡುವವರು ಯಾರಾದರೂ ಇದ್ದಾರಾ? (ಮನೆಯ ಜಗಳವೂ ಸೇರಿದೆ)

ತೋಟದಕ್ಕ, ಎಣ್ಮಕಜೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದಿಂದ ಸ್ವಲ್ಪ ಒಳಗೆ ಮೂರು ಎಕರೆ ಅಡಿಕೆ ತೋಟ. ಸಾವಿರದೈನೂರು ಮರ ಇರಬಹುದು. ಅರ್ಧಕ್ಕರ್ಧ ಮಾವನ ಕಾಲದ ಎತ್ತರದ ಮರಗಳು. ಉಳಿದದ್ದು ನಾವು ಇಟ್ಟ ಮಂಗಳ ತಳಿ.

ಮೂವತ್ತು ವರ್ಷ ನಮ್ಮಲ್ಲಿ ಕೊಳೆರೋಗದ ಮದ್ದು (ಮೈಲುತುತ್ತು-ಸುಣ್ಣದ ನೀರು) ಬಿಟ್ಟವರು, ಕೊಯ್ದವರು ಒಬ್ಬರೇ. ಅವರಿಗೆ ಅರವತ್ತು ದಾಟಿತು, ಮೊಣಕಾಲು ಹೋಯಿತು. "ಅಕ್ಕ, ಇನ್ನು ನನ್ನಿಂದ ಆಗುವುದಿಲ್ಲ" ಎಂದು ಕಳೆದ ವರ್ಷವೇ ಹೇಳಿದರು. ಅವರ ಮಗ ಮಂಗಳೂರಿನಲ್ಲಿ ಒಂದು ಶೋರೂಮಿನಲ್ಲಿದ್ದಾನೆ. ಬೆಳಕು ಹರಿಯುವಾಗ ಬಸ್ಸು ಹತ್ತಿದರೆ ಮನೆಗೆ ಬರುವುದು ರಾತ್ರಿ. ಅಲ್ಲಿ ತಿಂಗಳಿಡೀ ನಿಂತು ಸಿಗುವ ಸಂಬಳ ಇಲ್ಲಿ ಹತ್ತು ದಿನ ಮರ ಹತ್ತಿದರೆ ಸಿಗುತ್ತದೆ. ಆದರೂ ಬರುವುದಿಲ್ಲ. ಕೇಳಿದರೆ ನಗುತ್ತಾನೆ, ಅಷ್ಟೇ.

ಕಳೆದ ಮಳೆಗಾಲದಲ್ಲಿ ಮೊದಲನೇ ಮದ್ದು ಮೇ ಕೊನೆಗೆ ಹೇಗೋ ಮುಗಿಯಿತು. ಎರಡನೆಯದು 40-45 ದಿನಕ್ಕೆ ಆಗಬೇಕಲ್ವಾ? ಜನ ಸಿಕ್ಕಿದ್ದು ಆಗಸ್ಟಿನಲ್ಲಿ. ಅಷ್ಟರಲ್ಲಿ ಕೊಳೆರೋಗ ಬಂದು ಎಳೆ ಅಡಿಕೆ ಮರದ ಬುಡದಲ್ಲಿ ಹಾಸಿಬಿದ್ದಿತ್ತು. ಕಿಲೋಗೆ 400 ದಾಟಿದ ಕಾಲದಲ್ಲಿ ಅದನ್ನು ಹೆಕ್ಕಿ ರಾಶಿ ಹಾಕುವಾಗ ಹೊಟ್ಟೆ ಉರಿಯುತ್ತದೆ.

ಈಗ ಮನೆಯ ಜಗಳ. ಮಾವನಿಗೆ ಎಪ್ಪತ್ತೆಂಟು. ಅವರದು ಒಂದೇ ಮಾತು: "ಈಗಿನವರಿಗೆ ಮೈ ಬಗ್ಗುವುದಿಲ್ಲ." ಮಗನಿಗೆ ಇಪ್ಪತ್ತಾರು. ಬೆಂಗಳೂರಿನ ಕಂಪೆನಿ ಕೆಲಸ, 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಕಲಿಕೆ ಮುಗಿಸಿದವನು, ಈಗಲೂ ತಿಂಗಳಲ್ಲಿ ಅರ್ಧ ದಿನ ಚಾವಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾನೆ. ಅವನ ಪ್ರಕಾರ ಕೆಲಸದವರ ಬರ ಇಲ್ಲ, ಕೆಲಸ ಕೊಡುವ ಕ್ರಮವೇ ಸರಿ ಇಲ್ಲವಂತೆ. ಇಬ್ಬರೂ ಊಟಕ್ಕೆ ಒಟ್ಟಿಗೆ ಕೂತರೆ ಬಡಿಸುವವಳಿಗೆ ಸಾಕಾಗುತ್ತದೆ.

ನಾವು ಕೊಡುವುದನ್ನೂ ಹೇಳಿಬಿಡುತ್ತೇನೆ. ಮರ ಹತ್ತುವವರಿಗೆ ದಿನಕ್ಕೆ 1800. ಕೆಳಗೆ ಕೆಲಸದ ಗಂಡಸರಿಗೆ 900, ಹೆಂಗಸರಿಗೆ 550. ಎರಡು ಚಾ, ತಿಂಡಿ, ಮಧ್ಯಾಹ್ನ ಊಟ. ಅಗತೆ (ಮಣ್ಣು ಅಗೆಯುವುದು), ಗೊಬ್ಬರ ಹೊರುವುದಕ್ಕೆ ಈಗ ಹೆಚ್ಚಾಗಿ ಬಂಗಾಳದ ಹುಡುಗರು. ಮಾವ ಈ ವಯಸ್ಸಿನಲ್ಲಿ ಹಿಂದಿ ಕಲಿತಿದ್ದಾರೆ! ಆದರೆ ಆ ಹುಡುಗರು ಅಡಿಕೆ ಮರ ಹತ್ತುವುದಿಲ್ಲ.

ಕೇಳಬೇಕಾದದ್ದು: ಮದ್ದು ಬಿಡುವ ತಂಡ ಯಾವುದಾದರೂ ಇದೆಯಾ? ಕಾರ್ಬನ್ ಫೈಬರ್ ದೋಟಿ (ನೆಲದಿಂದಲೇ ಮದ್ದು ಬಿಡುವ ಉದ್ದ ಕೋಲು) ನಾವೇ ತಗೊಂಡರೆ ಉಪಯೋಗ ಉಂಟಾ? ಮತ್ತೆ ನಿಮ್ಮ ಮನೆಗಳಲ್ಲಿ ಹೇಗೆ ಸುಧಾರಿಸುತ್ತಿದ್ದೀರಿ?

ಹಳೇ ತಲೆ, ಮುಳ್ಳೇರಿಯ:

ತಂಗಿ, ನಿಮ್ಮ ಮಾವ ಹೇಳಿದ್ದರಲ್ಲಿ ಏನೂ ತಪ್ಪಿಲ್ಲ. ನಾವು ಶಾಲೆಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ತೋಟಕ್ಕೆ ಏತದಲ್ಲಿ ನೀರು ಬಿಟ್ಟವರು. ಆಗ ಆಳು ಇರಲಿಲ್ಲವೆಂದಲ್ಲ, ಮನೆಯವರೂ ಅವರೊಟ್ಟಿಗೆ ಇಳಿಯುತ್ತಿದ್ದರು. ಈಗ ಮನೆಯವರೂ ಇಳಿಯುವುದಿಲ್ಲ, ಆಳೂ ಬರುವುದಿಲ್ಲ.

ಮೊದಲು ದುಬೈ ಬಂತು. ಆಮೇಲೆ ರೇಷನ್ ಅಕ್ಕಿ, ಪೆನ್ಶನ್. ಅದರ ಮೇಲೆ ಉದ್ಯೋಗ ಖಾತರಿ. ಮಾರ್ಗದ ಬದಿಯಲ್ಲಿ ನಾಲ್ಕು ಹುಲ್ಲು ಹೆರೆದು ನೆರಳಲ್ಲಿ ಕೂತರೆ ಬ್ಯಾಂಕಿಗೆ ದುಡ್ಡು ಬೀಳುತ್ತದೆ. ತೋಟಕ್ಕೆ ಯಾರು ಬರುತ್ತಾರೆ? ನಿಮ್ಮ ಮಗನಿಗೆ ಹೇಳಿ, ಒಂದು ದಿನ ಅಡಿಕೆ ಸುಲಿದು ನೋಡಲಿ. ಕ್ರಮ ಯಾವುದೆಂದು ಆಗ ಗೊತ್ತಾಗುತ್ತದೆ.

ಲೆಕ್ಕದ ಮಾಸ್ತರ, ಉಪ್ಪಳ:

ಅಣ್ಣ, ಗೌರವದಿಂದಲೇ ಹೇಳುತ್ತೇನೆ. ಉದ್ಯೋಗ ಖಾತರಿ ಕಾಸರಗೋಡಿಗೆ ಬಂದದ್ದು 2007ರಲ್ಲಿ. ಮರ ಹತ್ತುವವರು ಸಿಗುವುದಿಲ್ಲ ಎಂಬ ಮಾತು ಅದಕ್ಕಿಂತ ಹಳೆಯದು. ಆ ಯೋಜನೆಯಲ್ಲಿ ಕೇರಳದ ಕೂಲಿ 2025-26ರಲ್ಲಿ ದಿನಕ್ಕೆ 369 ರೂಪಾಯಿ ಇತ್ತು, ಅದೂ ವರ್ಷಕ್ಕೆ 100 ದಿನದ ಲೆಕ್ಕ. 1800 ಬಿಟ್ಟು 369ಕ್ಕೆ ಯಾವ ಗಂಡಸು ಹೋಗುತ್ತಾನೆ? ಹೋಗುವವರು ಹೆಚ್ಚಾಗಿ ಹೆಂಗಸರು. ಅವರು ಮೊದಲೂ ಮರ ಹತ್ತುತ್ತಿರಲಿಲ್ಲ.

ಇನ್ನೊಂದು ಲೆಕ್ಕ. ರಿಸರ್ವ್ ಬ್ಯಾಂಕಿನ ಅಂಕಿಗಳ ಪ್ರಕಾರ 2022-23ರಲ್ಲಿ ಗ್ರಾಮೀಣ ಕೃಷಿ ಕಾರ್ಮಿಕರ ದಿನಗೂಲಿ ಕೇರಳದಲ್ಲಿ ಸರಾಸರಿ 764 ರೂಪಾಯಿ. ದೇಶದ ಸರಾಸರಿ 346. ಅಂದರೆ ದುಪ್ಪಟ್ಟಿಗಿಂತ ಜಾಸ್ತಿ. ಬಂಗಾಳದ ಹುಡುಗ ಎರಡು ದಿನ ರೈಲಿನಲ್ಲಿ ಕೂತು ಬರುವುದು ಸುಮ್ನೆ ಅಲ್ಲ. ಹಾಗಾದರೆ ಇಷ್ಟು ಕೂಲಿ ಇರುವ ಊರಿನ ಹುಡುಗನೇ ಯಾಕೆ ಬರುವುದಿಲ್ಲ? ದುಡ್ಡು ಸಾಲದೆ ಅಲ್ಲ ಅಂತಾಯಿತಲ್ಲ.

ನನಗೆ ಕಂಡದ್ದು ಇಷ್ಟು. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ಹೋಯಿತು. ಧನಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೂ ಪಂಚಾಯತಿನಲ್ಲಿ ಹತ್ತು ಸೆಂಟ್ಸ್ ವರೆಗೆ ಜಾಗದ ಹಕ್ಕು ಬಂತು. ಅಲ್ಲಿಯವರೆಗೆ ಕರೆದಾಗ ಹೋಗದಿದ್ದರೆ ಇರುವ ಜಾಗಕ್ಕೇ ಸಂಚಕಾರ. ಜಾಗ ಸ್ವಂತ ಆದ ಮೇಲೆ ಮಕ್ಕಳು ಶಾಲೆಗೆ ಹೋದರು. ಆ ಮಕ್ಕಳ ಮಕ್ಕಳು ಈಗ ಇಪ್ಪತ್ತೈದರ ಹುಡುಗರು. ಕರೆದ ಕೂಡಲೇ ಬರಬೇಕೆಂದು ಅವರಿಗೆ ಯಾಕೆ ಅನಿಸಬೇಕು?

ದೋಟಿ ತಂಡ, ಬದಿಯಡ್ಕ:

ಅಕ್ಕ, ನಾನು ಮದ್ದು ಬಿಡುವವನು. ನಮ್ಮದು ನಾಲ್ಕು ಜನರ ತಂಡ. ಮೊದಲು ದೋಟಿಯ ವಿಷಯ ಹೇಳುತ್ತೇನೆ, ಆಮೇಲೆ ನಿಮ್ಮ ಮನೆಯ ಜಗಳಕ್ಕೆ ಬರುತ್ತೇನೆ.

ಕಾರ್ಬನ್ ಫೈಬರ್ ದೋಟಿ ಒಳ್ಳೆಯದೇ. ಹಗುರ, ಬಾಗುವುದು ಕಡಿಮೆ. ನೆಲದಲ್ಲೇ ನಿಂತು ಅರುವತ್ತು ಅಡಿ ಎತ್ತರದ ಮರಕ್ಕೂ ಮದ್ದು ಬಿಡಬಹುದು, ಕೊಯ್ಯಲೂಬಹುದು. ಆದರೆ ತಗೊಂಡ ಕೂಡಲೇ ಕೆಲಸ ಆಗುವುದಿಲ್ಲ. ಕುತ್ತಿಗೆ ಮೇಲೆ ಮಾಡಿ ಅರ್ಧ ಗಂಟೆ ನೋಡಿದರೆ ಗೊತ್ತಾಗುತ್ತದೆ. ನಾವು ಇಬ್ಬರಿಬ್ಬರು ಬದಲಾಯಿಸಿಕೊಳ್ಳುತ್ತೇವೆ. ಗಾಳಿ ಇದ್ದರೆ ತುದಿ ನಿಲ್ಲುವುದಿಲ್ಲ. ಗೊನೆಯ ಹಿಂಬದಿಗೆ ಮದ್ದು ತಾಗದೆ ಉಳಿದರೆ ಕೊಳೆ ಅಲ್ಲಿಂದಲೇ ಶುರು. ಹಾಗಾಗಿ ಮರದ ಸುತ್ತ ಬಂದು ಎರಡು ಬದಿಯಿಂದ ಬಿಡಬೇಕು. ನಿಮ್ಮ ಮಾವನ ಕಾಲದ ಮರಗಳಲ್ಲಿ ತೀರಾ ಎತ್ತರದವು ಇದ್ದರೆ ಅದಕ್ಕೆ ಹತ್ತುವವರೇ ಬೇಕು.

ಒಂದು ಮುಖ್ಯ ವಿಷಯ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಫೈಬರ್ ಎಂದು ಹೆಸರಿದ್ದಕ್ಕೆ ಹರಿಯುವುದಿಲ್ಲವೆಂದು ಎಷ್ಟೋ ಜನ ತಿಳಿದುಕೊಂಡಿದ್ದಾರೆ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲಿನ ಹತ್ತಿರ ದೋಟಿ ಎತ್ತಲೇಬೇಡಿ. ನಿಮ್ಮ ಮನೆಯವರೇ ಹಿಡಿಯುವುದಾದರೆ ಮೊದಲು ಕಲಿಯಲಿ. ವಿಟ್ಲದ ಸಿಪಿಸಿಆರ್‌ಐಯಲ್ಲಿ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರೂ ಸೇರಿ ಮಾಡಿದ ತರಬೇತಿ ಶಿಬಿರಗಳು ಸುಮಾರು ಹುಡುಗರಿಗೆ ಉಪಯೋಗ ಆಗಿವೆ. ಮೂರು ಎಕರೆಗೆ ಸ್ವಂತ ದೋಟಿ ನನ್ನ ಲೆಕ್ಕದಲ್ಲಿ ಬೇಡ. ನೆರೆಯ ನಾಲ್ಕು ಮನೆ ಸೇರಿ ತಗೊಂಡರೆ ಸರಿ.

ಇನ್ನು ಮೈ ಬಗ್ಗದ ವಿಷಯ. ನನ್ನ ಅಪ್ಪ ಮರ ಹತ್ತುತ್ತಿದ್ದರು. ತಳೆ (ಮರ ಹತ್ತುವಾಗ ಹಾಕುವ ಹಗ್ಗದ ಬಳೆ) ಕಾಲಿಗೆ ಹಾಕಿದರೆ ಒಂದು ಮರದಿಂದ ಇನ್ನೊಂದಕ್ಕೆ ಮೇಲಿನಿಂದಲೇ ದಾಟುತ್ತಿದ್ದರು. ನೋಡಲು ಚಂದ. ನಾನೂ ಚಿಕ್ಕವನಿದ್ದಾಗ ಕೆಳಗೆ ನಿಂತು ಬಾಯಿಬಿಟ್ಟು ನೋಡುತ್ತಿದ್ದೆ. ಒಂದು ಜುಲೈ ತಿಂಗಳು ಜಾರಿದರು. ಸೊಂಟಕ್ಕೆ ಪೆಟ್ಟು. ಆ ಮನೆಯ ಧನಿ ಆಸ್ಪತ್ರೆ ಬಿಲ್ಲು ಕೊಟ್ಟರು, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪ ಆ ವರ್ಷವೆಲ್ಲ ಮಲಗಿದ್ದರು. ಆ ತಿಂಗಳುಗಳ ಅಕ್ಕಿ ಯಾರದು? ಅಮ್ಮ ಬೀಡಿ ಕಟ್ಟಿದರು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅಪ್ಪ ಬಿದ್ದದ್ದು ಅಡಿಕೆ ಮರದಿಂದ.

ಅಪ್ಪನಿಗೆ ಊಟ ಅಂಗಳದ ಮೂಲೆಯಲ್ಲಿ. ತಟ್ಟೆ ಬೇರೆ, ಗ್ಲಾಸು ಬೇರೆ, ತೊಳೆದು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ ಬರಬೇಕು. ಅವರಿಗೆ ಅದು ಸಹಜ ಆಗಿತ್ತು. ನನಗೆ ಆಗಲಿಲ್ಲ. ಪ್ಲಸ್ ಟು ಮುಗಿದ ಮೇಲೆ ಶಾರ್ಜಾಕ್ಕೆ ಹೋದೆ. ಅಲ್ಲಿ ಒಂದು ಸೂಪರ್‌ಮಾರ್ಕೆಟಿನಲ್ಲಿ ದಿನಕ್ಕೆ ಹನ್ನೆರಡು ಗಂಟೆ ಗೋಣಿ ಹೊತ್ತಿದ್ದೇನೆ. ಇಲ್ಲಿನ ತೋಟದ ಕೆಲಸಕ್ಕಿಂತ ಕಷ್ಟ. ಮೈ ಚೆನ್ನಾಗಿಯೇ ಬಗ್ಗಿತು. ಆದರೆ ಅಲ್ಲಿ ಮ್ಯಾನೇಜರನೂ ನಾನೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು. ಊರಿಗೆ ಬಂದರೆ ಹುಡುಗಿ ನೋಡಲು ಹೋದಾಗ "ಹುಡುಗ ಗಲ್ಫ್‌ನಲ್ಲಿದ್ದಾನೆ" ಎನ್ನಬಹುದಿತ್ತು. ನಿಮ್ಮ ಹಳಬರ ಮಗ ಶೋರೂಮಿನಲ್ಲಿ ಯಾಕಿದ್ದಾನೆ ಎಂದು ಕೇಳಿದಿರಲ್ಲ. ಟೈ ಕಟ್ಟಿಕೊಂಡು ಹದಿನೆಂಟು ಸಾವಿರ ತಗೊಳ್ಳುವವನಿಗೆ ಹೆಣ್ಣು ಸಿಗುತ್ತದೆ. ಮರ ಹತ್ತಿ ನಲುವತ್ತು ಸಾವಿರ ಮಾಡುವವನಿಗೆ ಸಿಗುವುದಿಲ್ಲ. ನಿಮ್ಮಲ್ಲಿ ತೋಟ ಇರುವವರ ಮಕ್ಕಳಿಗೇ ಹೆಣ್ಣು ಸಿಗುವುದಿಲ್ಲ, ಮತ್ತೆ ನಮ್ಮದೇನು!

ವಾಪಸು ಬಂದು ತಂಡ ಕಟ್ಟಿದಾಗ ನಾವು ಕೆಲವು ಶರ್ತ ಇಟ್ಟುಕೊಂಡೆವು. ಬೆಳಿಗ್ಗೆ ಏಳರಿಂದ ಒಂದು ಗಂಟೆವರೆಗೆ. ದಿನಗೂಲಿ ಅಲ್ಲ, ಮರದ ಲೆಕ್ಕ. ದುಡ್ಡು ಅದೇ ದಿನ ಗೂಗಲ್ ಪೇಯಲ್ಲಿ. ನಾಲ್ಕು ಜನಕ್ಕೂ ಅಪಘಾತ ವಿಮೆ ನಾವೇ ಮಾಡಿಸಿದ್ದೇವೆ, ಅದರ ಕಂತು ರೇಟಿನಲ್ಲಿ ಸೇರಿದೆ. ಊಟ ನಮ್ಮದು ನಾವೇ ತರುತ್ತೇವೆ. ಕೆಲವರಿಗೆ ಇದು ಅಹಂಕಾರ ಅನಿಸಿತು. ಆದರೆ ನಮ್ಮ ಮೇ ಮತ್ತು ಜೂನ್ ತಿಂಗಳ ದಿನಗಳು ವಿಷುವಿಗೆ ಮೊದಲೇ ತುಂಬುತ್ತವೆ. ಈಗ ಇನ್ನಿಬ್ಬರು ಹುಡುಗರು ತಂಡ ಸೇರುತ್ತೇನೆ ಎಂದು ಕೇಳುತ್ತಿದ್ದಾರೆ. ಒಬ್ಬ ಡಿಗ್ರಿ ಮಾಡಿದವನು.

ತೋಟದಕ್ಕ, ಎಣ್ಮಕಜೆ:

ತಮ್ಮ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಉಪಕಾರ. ಕರೆಂಟಿನ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೋಟದ ಮೂಡು ಬದಿಯಲ್ಲಿ ಲೈನ್ ಇದೆ. ನಿಮ್ಮ ಬರಹ ಓದಿ ಹೇಳಿದೆ, ಮಾವ ಸುಮ್ಮನೆ ಕೇಳಿದರು. ತಟ್ಟೆಯ ಮಾತಿಗೆ ಎದ್ದು ಹೋದರು. ನಾನು ಮದುವೆಯಾಗಿ ಬಂದ ಕಾಲಕ್ಕೆ ಅದು ಇಲ್ಲಿಯೂ ಇತ್ತು. ಈಗ ಎಲ್ಲರಿಗೂ ಜಗಲಿಯಲ್ಲೇ.

ಆದರೆ ಒಂದು ಮಾತು ನಾನೂ ಹೇಳಬೇಕು. ಒಂದು ಗಂಟೆಗೆ ಬಿಟ್ಟುಹೋಗುವ ಕ್ರಮ ಅಡಿಕೆಗೆ ಹೊಂದುತ್ತದಾ? ಜುಲೈಯಲ್ಲಿ ನಾಲ್ಕು ದಿನ ಜಡಿಮಳೆ ಹೊಡೆದು ಒಂದು ದಿನ ಬಿಸಿಲು ಕಾಣುತ್ತದೆ. ಅದೂ ಎಷ್ಟೋ ಸಲ ಹತ್ತು ಗಂಟೆ ಮೇಲೆ. ಆ ದಿನ ಕತ್ತಲಾಗುವವರೆಗೆ ಬಿಟ್ಟರೆ ತೋಟ ಮುಗಿಯುತ್ತದೆ. ನೀವು ಒಂದು ಗಂಟೆಗೆ ಪಂಪು ತೊಳೆದರೆ ಉಳಿದ ಮರಕ್ಕೆ ಮತ್ತೆ ಬಿಸಿಲು ಎಂದಿಗೋ. ಮಳೆ ನಮ್ಮ ಶರ್ತ ಕೇಳುವುದಿಲ್ಲವಲ್ಲ. ಹಳಬರು ಆ ದಿನ ತಾವಾಗಿಯೇ ಬರುತ್ತಿದ್ದರು, ಕರೆಯುವುದೇ ಬೇಡ. ಆ ಒಂದು ಗುಣವನ್ನು ಬರೀ ಹೆದರಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ತೋಟ ಅವರಿಗೂ ತಮ್ಮದೇ ಅನಿಸಿತ್ತು.

ಮಗನಿಗೂ ಇದನ್ನೇ ಹೇಳಿದೆ. ಕೆಲಸದವರಿಗೆ ಗಂಟೆಯ ಲೆಕ್ಕ ಇರಬೇಕು ಎಂದು ನನಗೆ ಪಾಠ ಮಾಡುವವನು ರಾತ್ರಿ ಹನ್ನೊಂದಕ್ಕೆ ಅಮೆರಿಕದವರು ಕರೆದರೆ ತುತ್ತು ಬಿಟ್ಟು ಏಳುತ್ತಾನೆ. ಅದಕ್ಕೆ ಅವನ ಹತ್ತಿರ ಉತ್ತರ ಇಲ್ಲ.

ನೀರ್ಚಾಲಿನ ಹುಡುಗ, ಈಗ ಬೆಂಗಳೂರು:

ಅಕ್ಕ, ನಿಮ್ಮ ಮಗನ ಪರವಾಗಿ ನಾನು ಉತ್ತರ ಕೊಡಲಾ? ನಾನೂ ಹಾಗೆಯೇ ಏಳುತ್ತೇನೆ. ಅದು ನಿಷ್ಠೆ ಅಲ್ಲ, ಮನೆ ಸಾಲದ ಕಂತು. ನಮ್ಮಲ್ಲಿ ಅದಕ್ಕೆ ಬಯ್ಯುವವರು ಬೇಕಾದಷ್ಟಿದ್ದಾರೆ. ಆದರೆ ಒಂದನೇ ತಾರೀಕು ಸಂಬಳ ಬರುತ್ತದೆ. ಜ್ವರ ಬಂದರೆ ರಜೆ. ಅಮ್ಮನಿಗೂ ಸೇರಿ ಆರೋಗ್ಯ ವಿಮೆ. ಮಳೆ ಬಂದರೂ ಬಾರದಿದ್ದರೂ ದುಡ್ಡು ಬರುತ್ತದೆ. ತೋಟದ ಕೆಲಸಕ್ಕೆ ಮಳೆ ಬಂದ ದಿನ ಕೂಲಿ ಇಲ್ಲ, ಬಿಸಿಲು ಬಂದ ದಿನ ಕತ್ತಲಾಗುವವರೆಗೆ ಬೇಕು. ಎರಡೂ ಕಡೆಯ ನಷ್ಟ ಕೆಲಸದವನಿಗೇ ಅಲ್ವಾ? ಬಿಸಿಲಿನ ದಿನ ಮಧ್ಯಾಹ್ನ ಮೇಲೆ ಬೇಕಾದರೆ ಅದಕ್ಕೆ ಬೇರೆ ರೇಟು ಇಡಿ. ಕೊಟ್ಟರೆ ನಿಲ್ಲುತ್ತಾರೆ.

ನನ್ನ ಅಜ್ಜ ನಾನು ಲ್ಯಾಪ್‌ಟಾಪ್ ಹಿಡಿದು ಕೂತರೆ ಬಂದು ಕೇಳುತ್ತಾರೆ: "ಇವತ್ತೂ ರಜೆಯಾ?" ಆರು ವರ್ಷದಿಂದ ಹೇಳುತ್ತಿದ್ದೇನೆ. ಬೆವರು ಬಾರದಿದ್ದರೆ ಅವರ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ.

ಹಳೇ ತಲೆ ಅಣ್ಣನಿಗೆ: ನಾನು ಅಡಿಕೆ ಸುಲಿದಿದ್ದೇನೆ. ಹೆಬ್ಬೆರಳಿನ ಉಗುರಿನ ಸಂದು ಬಿರಿದು ಕರ್ರಗಾಗುತ್ತದೆ. ಈಗ ನಮ್ಮಲ್ಲಿ ಸುಲಿಯುವ ಯಂತ್ರ ಇದೆ.

ಬೀಡಿ ಮನೆಯವಳು, ಕುಂಬಳೆ:

ಎಲ್ಲರೂ ಗಂಡಸರ ಕೆಲಸವನ್ನೇ ಮಾತಾಡಿದಿರಿ. ನಾನು ಅಡಿಕೆ ಹೆಕ್ಕಲು, ಸುಲಿಯಲು ಹೋಗುವವಳು. ಉದ್ಯೋಗ ಖಾತರಿಗೂ ಹೋಗುತ್ತೇನೆ. ನೆರಳಲ್ಲಿ ಕೂರಲು ಅಲ್ಲ ಅಣ್ಣ. ಮಳೆನೀರು ಇಂಗಲು ಗುಡ್ಡದಲ್ಲಿ ನಾವು ತೋಡಿದ ಹೊಂಡಗಳನ್ನು ಒಮ್ಮೆ ಬಂದು ನೋಡಿ. ಅಲ್ಲಿ ಕೂಲಿ ಕಡಿಮೆಯಾದರೂ ಗಂಡಸಿಗೂ ಹೆಂಗಸಿಗೂ ಒಂದೇ. ಯಾರ ಮನೆಯ ಅಂಗಳವೂ ಅಲ್ಲ. ಮಧ್ಯಾಹ್ನ ಹತ್ತು ಜನ ಕೂತು ಬುತ್ತಿ ಬಿಚ್ಚುತ್ತೇವೆ, ಬೇಕಾದ್ದು ಮಾತಾಡುತ್ತೇವೆ.

ಮದುವೆಗೆ ಮೊದಲೇ ಬೀಡಿ ಕಟ್ಟಲು ಕಲಿತವಳು ನಾನು. ಮನೆಯಲ್ಲೇ ಕೂತು ಮಾಡುವ ಕೆಲಸ, ಪಿಎಫ್ ಇತ್ತು, ಒಲೆಯ ಮೇಲೂ ಒಂದು ಕಣ್ಣು. ಬೆನ್ನು ಹೋಯಿತು, ಕೆಮ್ಮು ಉಳಿಯಿತು. ನನ್ನ ಮಗಳು ಬೀಡಿಯ ಎಲೆ ಮುಟ್ಟಿಲ್ಲ. ನಾನೇ ಮುಟ್ಟಿಸಲಿಲ್ಲ. ನರ್ಸಿಂಗ್ ಮುಗಿಸಿದ್ದಾಳೆ. ಅವಳಿಗೆ ದುಡಿಯಲು ಉದಾಸೀನ ಎಂದು ಯಾರಾದರೂ ಹೇಳಿದರೆ ನೈಟ್ ಡ್ಯೂಟಿ ಮುಗಿಸಿ ಬಂದ ಅವಳ ಮುಖ ತೋರಿಸುತ್ತೇನೆ.

ತೋಟದಕ್ಕ, ನಿಮ್ಮ ಬರಹದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಕೆಳಗೆ ಕೆಲಸದ ಗಂಡಸರಿಗೆ 900, ಹೆಂಗಸರಿಗೆ 550. ಗೊಬ್ಬರ ಹೊರುವಾಗ ಬುಟ್ಟಿ ಒಂದೇ ಅಳತೆಯದು. 350 ಯಾಕೆ ಕಡಿಮೆ ಎಂದು ಹೇಳುತ್ತೀರಾ? ಜಗಳಕ್ಕೆ ಕೇಳುವುದಲ್ಲ. ನೀವೂ ಹೆಂಗಸು, ಲೆಕ್ಕ ಬರೆಯುವವರು ನೀವೇ, ಅದಕ್ಕೆ ಕೇಳಿದೆ.

ತೋಟದಕ್ಕ, ಎಣ್ಮಕಜೆ:

ಅದು ಊರ ರೇಟು ಅಕ್ಕ. ನಾನೊಬ್ಬಳು ಏರಿಸಿದರೆ ನೆರೆಕರೆಯವರು ಮನೆಗೆ ಬಂದು ಕೇಳುತ್ತಾರೆ. ಹಾಗೆಂದು ನಿಮ್ಮ ಮಾತಿಗೆ ಇದು ಉತ್ತರ ಅಲ್ಲವೆಂದೂ ಗೊತ್ತು. ಸುಲಿಯುವುದಕ್ಕೆ ಕಿಲೋ ಲೆಕ್ಕ ಇರುವುದರಿಂದ ಅಲ್ಲಿ ತೊಂದರೆ ಇಲ್ಲ. ಗೊಬ್ಬರ ಹೊರುವ ದಿನಕ್ಕೆ ಈ ಸಲದಿಂದ ಬುಟ್ಟಿಯ ಲೆಕ್ಕ ಇಡುತ್ತೇನೆ, ಗಂಡಸಿಗೂ ಹೆಂಗಸಿಗೂ. ಕೇಳಿದವರಿಗೆ ಬುಟ್ಟಿ ತೋರಿಸಿದರಾಯಿತು.

ದೋಟಿ ತಂಡದ ತಮ್ಮ, ನಮಗೆ ಮೇ 20ರಿಂದ 28ರ ಒಳಗೆ ಯಾವ ದಿನವಾದರೂ ಆದೀತು. ಎರಡನೇ ಮದ್ದಿಗೂ ಈಗಲೇ ಹೆಸರು ಬರೆದುಕೊಳ್ಳಿ. ಮಧ್ಯಾಹ್ನ ಮೇಲೆ ನಿಲ್ಲುವುದಾದರೆ ಒಂದೂವರೆ ಪಾಲು ರೇಟು ಕೊಡುತ್ತೇನೆ. ಎತ್ತರದ ಮರಗಳಿಗೆ ಯಾರನ್ನು ಕರೆಯುವುದು? ಮತ್ತೆ ಊಟ ಇಲ್ಲೇ ಮಾಡಬೇಕು, ಅದು ನನ್ನ ಶರ್ತ.

ದೋಟಿ ತಂಡ, ಬದಿಯಡ್ಕ:

ಒಂದೂವರೆ ಪಾಲು ಆದರೆ ನಾಲ್ಕು ಗಂಟೆವರೆಗೆ ನಿಲ್ಲುತ್ತೇವೆ ಅಕ್ಕ. ಅದರ ಮೇಲೆ ಕುತ್ತಿಗೆ ಕೇಳುವುದಿಲ್ಲ. ಮೇ 24 ಖಾಲಿ ಇದೆ. ಒಂದು ದಿನದಲ್ಲಿ ಸಾವಿರದೈನೂರು ಮರ ಮುಗಿಯುವುದಿಲ್ಲ, 25 ಮತ್ತು 26 ಕೂಡಾ ಬರೆದುಕೊಂಡಿದ್ದೇನೆ. ಎತ್ತರದ ಮರಕ್ಕೆ ಪುತ್ತಿಗೆ ಕಡೆಯ ಒಬ್ಬರಿದ್ದಾರೆ, ಸುರಕ್ಷೆಯ ಬೆಲ್ಟ್ ಹಾಕಿ ಹತ್ತುವವರು. ಅವರನ್ನು ನಾನೇ ಕರಕೊಂಡು ಬರುತ್ತೇನೆ. ಮೂಡು ಬದಿಯ ಲೈನ್ ಕೆಳಗಿನ ಸಾಲು ಅವರಿಗೂ ಬೇಡ. ಅಲ್ಲಿ ಕೆಲಸ ಆಗಬೇಕಾದರೆ ಕರೆಂಟ್ ಆಫೀಸಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ.

ಬರುವ ಮೊದಲು ನೀವು ಮಾಡಿಡಬೇಕಾದದ್ದು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಆ ಲೆಕ್ಕದಲ್ಲಿ ತಂದಿಡಿ. ತುತ್ತನ್ನು ಹಿಂದಿನ ರಾತ್ರಿ ಗೋಣಿಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಳಿಬಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಸುಣ್ಣ ಬೇರೆ ಡ್ರಮ್ಮಿನಲ್ಲಿ. ಕಬ್ಬಿಣದ ಪಾತ್ರೆ ಬೇಡ. ಬೆರೆಸುವುದು ನಾವು ಬಂದ ಮೇಲೆಯೇ, ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು. ಕತ್ತಿಯ ಅಲಗು ಅದ್ದಿ ನೋಡಿ ಕೆಂಪು ಬಂದರೆ ಸುಣ್ಣ ಇನ್ನೂ ಬೇಕಾಗುತ್ತದೆ, ಹಾಗಾಗಿ ಸುಣ್ಣ ಎರಡು ಕಿಲೋ ಜಾಸ್ತಿಯೇ ಇರಲಿ. ಊಟಕ್ಕೆ ಒಪ್ಪಿದೆವು ಅಕ್ಕ, ನಾಲ್ಕು ಜನಕ್ಕೆ. ಒಬ್ಬನಿಗೆ ಮೀನು ಇಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ, ಅವನು ಬುತ್ತಿ ತರುತ್ತಾನೆ.